ಸಿಗರೇಟು ಬಿಟ್ಟ ಮೇಲೆ ಬರುವ ಸಿಟ್ಟು, ಅಳು ಯಾವಾಗ ಹೋಗುತ್ತದೆ?

ನೀವು ಕೇಳಿದ್ದು ಇಷ್ಟು: ಸಿಗರೇಟು ಬಿಟ್ಟು ಎರಡು ವಾರ ಆಯಿತು. ಕೆಮ್ಮು ಕಡಿಮೆಯಾಗಿದೆ. ಆದರೆ ಸಣ್ಣ ಮಾತಿಗೂ ಹೆಂಡತಿ ಮಕ್ಕಳ ಮೇಲೆ ರೇಗಾಡುತ್ತಿದ್ದೀರಿ. ರಾತ್ರಿ ಊಟ ಆದ ಮೇಲೆ ಸುಮ್ನೆ ಕೂತಿದ್ದಾಗ ಕಣ್ಣಲ್ಲಿ ನೀರು ಬರುತ್ತದೆ. ಹತ್ತಿರದವರು ಯಾರೋ ದೂರ ಆದ ಹಾಗೆ ಅನಿಸುತ್ತದೆ. ಇದು ಸಹಜವಾ, ಒಂದೇ ಒಂದು ಸೇದಿದರೆ ಸರಿಹೋಗುತ್ತಾ?

ಸಹಜ, ಅದರಲ್ಲಿ ಅನುಮಾನವೇ ಬೇಡ. ನಾನು ಕಾಲೇಜಿನಲ್ಲಿ ಶುರು ಮಾಡಿ, ಮಗಳು ಶಾಲೆಗೆ ಹೋಗುವ ತನಕ ಸೇದಿದವನು. ಬಿಡುವಾಗ ತಲೆ ನೋಯುತ್ತೆ, ಹಸಿವು ಜಾಸ್ತಿಯಾಗುತ್ತೆ ಅಂತ ಎಲ್ಲರೂ ಹೇಳಿದ್ದರು. ಅಳು ಬರುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ದೇಹದ ಲೆಕ್ಕ. ಹೊಗೆ ಎಳೆದ 10–20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ ಶುರು. ಇನ್ನೊಂದು ಹಚ್ಚಿದರೆ ನಿರಾಳ. ಆಫೀಸಿನ ಟೆನ್ಷನ್ ಇಳಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಇಳಿದಿದ್ದರಲ್ಲಿ ಬಹುಪಾಲು ಹಿಂದಿನ ಸಿಗರೇಟು ತಂದಿಟ್ಟ ಚಡಪಡಿಕೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ಒಂದು ವರದಿ ಬಂತು. ಸೇದುತ್ತಲೇ ಇದ್ದವರಿಗೆ ಹೋಲಿಸಿದರೆ, ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ ಆಗಿತ್ತು. ಬಿಟ್ಟ ಮೇಲಿನ ಸಿಟ್ಟು, ಚಡಪಡಿಕೆ ಮೊದಲ ಮೂರ್ನಾಲ್ಕು ದಿನ ತುಂಬಾ ಜೋರು. ಆಮೇಲೆ ಹೆಚ್ಚಿನವರಿಗೆ ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಅಂದರೆ ನೀವೀಗ ನಡುದಾರಿಯಲ್ಲಿದ್ದೀರಿ. ಈಗಿನ ಈ ಮುಖವೇ ಸಿಗರೇಟಿಲ್ಲದ ನಿಮ್ಮ ನಿಜವಾದ ಸ್ವಭಾವ ಅಂತ ದಯವಿಟ್ಟು ತೀರ್ಮಾನ ಮಾಡಬೇಡಿ.

ಕಾಫಿ ವಿಷಯ ಹೇಳಲೇಬೇಕು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಿಗರೇಟಿನ ಹೊಗೆಯಿಂದ ನಮ್ಮ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತರೆ ಆ ವೇಗವೂ ಇಳಿಯುತ್ತದೆ. ಅದೇ ಲೋಟ, ಅದೇ ಡಿಕಾಕ್ಷನ್, ಆದರೆ ರಕ್ತದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು ನಿಲ್ಲುತ್ತದೆ. ಎದೆ ಢವಢವ, ನಿದ್ದೆ ಇಲ್ಲ, ಮೂಗಿನ ತುದಿಯಲ್ಲೇ ಸಿಟ್ಟು. ನಾವು ಅದನ್ನೂ ಸಿಗರೇಟಿನ ಖಾತೆಗೇ ಬರೆಯುತ್ತೇವೆ. ದಿನಕ್ಕೆ ನಾಲ್ಕು ಕುಡಿಯುತ್ತಿದ್ದರೆ ಎರಡಕ್ಕೆ ಇಳಿಸಿ, ಸಂಜೆ ಮೇಲೆ ಬೇಡ. ಒಂದು ವಾರ ಮಾಡಿ ನೋಡಿ.

ಇನ್ನು ಯಾರೋ ದೂರ ಆದ ಹಾಗೆ ಅನಿಸುತ್ತದೆ ಅಂದಿರಲ್ಲ, ಆ ಮಾತಿಗೆ ಬರುತ್ತೇನೆ. ನಮ್ಮ ಆಫೀಸಿನ ಮೂಲೆಯಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ನಿಪ್ಪಟ್ಟಿನ ಡಬ್ಬಗಳ ಪಕ್ಕ ದಾರಕ್ಕೆ ಕಟ್ಟಿದ ಲೈಟರ್ ನೇತಾಡುತ್ತಿರುತ್ತಿತ್ತು. ಬೈಟು ಕಾಫಿ ಹಿಡಿದು ಅಲ್ಲಿ ನಿಂತರೆ ಮನೆ ಸಾಲ, ಮ್ಯಾನೇಜರ್ ಕಾಟ, ಅಪ್ಪ ಅಮ್ಮನ ಶುಗರ್ರು ಬಿಪಿ ಎಲ್ಲ ಮಾತಿಗೆ ಬರುತ್ತಿತ್ತು. ಬೇರೆಲ್ಲೂ ಬಾಯಿ ಬಿಡದ ಗಂಡಸರು ಅಲ್ಲಿ ಬಿಡುತ್ತಿದ್ದರು. ಮನೆಯಲ್ಲೂ ಅಷ್ಟೇ. ಮಾತಿಗೆ ಮಾತು ಬೆಳೆದರೆ ಎದ್ದು ಟೆರೇಸಿಗೆ ಹೋಗುವುದಕ್ಕೆ ಸಿಗರೇಟು ಒಂದು ನೆಪ. ವಾಪಸ್ ಬರುವ ಹೊತ್ತಿಗೆ ಇಬ್ಬರ ಸಿಟ್ಟೂ ಇಳಿದಿರುತ್ತಿತ್ತು. ಬಿಟ್ಟ ದಿನದಿಂದ ಅಂಗಡಿ ಮುಂದಿನ ಮಾತೂ ಹೋಯಿತು, ಎದ್ದು ಹೋಗುವ ನೆಪವೂ ಹೋಯಿತು. ಮನಸ್ಸು ಭಾರ ಆಗದೆ ಇರುತ್ತಾ?

ಹಾಗಾಗಿ ಎದ್ದು ಹೋಗುವುದನ್ನು ಬಿಡಬೇಡಿ. ಬರಿಗೈಲಿ ಹೋಗಿ. ಆದರೆ ಮನೆಯವರಿಗೆ ಮೊದಲೇ ಹೇಳಿಡಿ. "ನಾನು ಎದ್ದು ಹೋದರೆ ಮುನಿಸ್ಕೊಂಡೆ ಅಂದ್ಕೋಬೇಡ, ಹತ್ತು ನಿಮಿಷಕ್ಕೆ ಬರ್ತೀನಿ" ಅಂತ ನಾನು ಹೆಂಡತಿಗೆ ಹೇಳಿದ್ದೆ. ಅವಳು ಕಾರಣ ಕೇಳುತ್ತಿರಲಿಲ್ಲ. "ಹಾಗೇ ಒಣಗಿದ ಬಟ್ಟೆ ತಗೊಂಡ್ ಬನ್ನಿ" ಅಂತಿದ್ದಳು. ಸೇದಬೇಕು ಅನ್ನುವ ಸೆಳೆತ ಒಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಕ್ಲಿಪ್ಪು ಬಿಚ್ಚಿ ಸೀರೆ ಮಡಚುವಷ್ಟರಲ್ಲಿ ಮುಕ್ಕಾಲು ಭಾಗ ಹೋಗಿರುತ್ತಿತ್ತು. ಮಕ್ಕಳಿಗೂ ಹೇಳಿ, ಅಪ್ಪ ಸಿಗರೇಟು ಬಿಡ್ತಿದ್ದಾರೆ, ಅದಕ್ಕೆ ಸ್ವಲ್ಪ ದಿನ ಹೀಗೆ ಅಂತ. ಅವರಿಗೆ ಅರ್ಥವಾಗುತ್ತದೆ. ಕಾರಣ ಹೇಳದಿದ್ದರೆ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ಗೆಳೆಯರನ್ನೂ ಬಿಡಬೇಡಿ. ಸ್ವಲ್ಪ ದಿನ ಆ ಅಂಗಡಿ ಬೇಡ, ಅಷ್ಟೇ. ಊಟ ಆದ ಮೇಲೆ ಅವರಲ್ಲಿ ಒಬ್ಬರನ್ನು ಒಂದು ರೌಂಡ್ ನಡೆಯೋಕೆ ಕರೆಯಿರಿ.

ಅಳುವಿನಲ್ಲಿ ಎರಡು ಥರ ಇದೆ ಅಂತ ನನ್ನ ಅನುಭವ. ಒಂದು, ಮುಂಚೆ ಸೇದುತ್ತಿದ್ದ ಹೊತ್ತಿಗೇ ಸರಿಯಾಗಿ ಬಂದು, ಕಾರಣ ಹೇಳದೆ ಹೋಗಿಬಿಡುತ್ತದೆ. ಇನ್ನೊಂದಕ್ಕೆ ಕಾರಣ ಇರುತ್ತದೆ. ಊರಿನ ಜಮೀನು ಭಾಗವಾದಾಗ ಅಣ್ಣನಿಗೂ ನನಗೂ ಮಾತು ನಿಂತಿತ್ತು. ಆ ಸಂಕಟ ಮೇಲೆ ಬಂದಾಗಲೆಲ್ಲ ನಾನು ಒಂದು ಹಚ್ಚುತ್ತಿದ್ದೆ, ಅದು ಒಳಗೆ ಹೋಗುತ್ತಿತ್ತು. ಬಿಟ್ಟ ಮೇಲೆ ಬಂದ ಯುಗಾದಿಗೆ, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟುತ್ತಾ ನಿಂತಲ್ಲೇ ಅತ್ತುಬಿಟ್ಟೆ. ಅದು ನಿಕೋಟಿನ್ ಅಳು ಅಲ್ಲ, ಅಣ್ಣನ ಅಳು. ನಿಮ್ಮದರಲ್ಲೂ ಅಂಥದ್ದೊಂದು ಇದ್ದರೆ ಹೊಗೆ ಹಾಕಿ ಮುಚ್ಚಬೇಡಿ. ಯಾರ ಹತ್ತಿರವಾದರೂ ಹೇಳಿಕೊಳ್ಳಿ.

ಹೇಳಿಕೊಳ್ಳಲು ಯಾರೂ ಇಲ್ಲ ಅನಿಸಿದರೆ ಸಿಗರೇಟು ಪ್ಯಾಕಿನ ಮೇಲೆಯೇ ತಂಬಾಕು ಬಿಡುವವರಿಗೆ ಅಂತ ಇರುವ ಸಹಾಯವಾಣಿ ನಂಬರ್ ಇದೆ, 1800-11-2356. ದುಡ್ಡು ಬೀಳುವುದಿಲ್ಲ. ನಮ್ಮ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಚಡಪಡಿಕೆ ತಡೆಯೋಕೆ ಆಗದಿದ್ದರೆ 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಬಬಲ್ ಗಮ್ ಥರ ಒಂದೇ ಸಮ ಅಗಿಯಬಾರದು. ನಿಧಾನಕ್ಕೆ ಅಗಿದು, ಬಾಯಿ ಚುರುಚುರು ಅಂದಾಗ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ ತಗೊಳ್ಳಿ. ಗಮ್ ತಗೊಂಡರೆ ಬಿಟ್ಟ ಹಾಗಲ್ಲ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಮುಂಚೆ ಯಾವಾಗಲಾದರೂ ಖಿನ್ನತೆ ಆಗಿದ್ದರೆ, ತಿಂಗಳಾದರೂ ಬೇಜಾರು ಇಳಿಯದಿದ್ದರೆ, ಬದುಕೇ ಬೇಡ ಅನಿಸಿದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದು ಹಗಲು ರಾತ್ರಿ ಇರುತ್ತದೆ. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಸಿಗರೇಟು ಬಿಟ್ಟಿದ್ದನ್ನು ಡಾಕ್ಟರಿಗೆ ಹೇಳಲೇಬೇಕು. ಕೆಲವು ಮಾತ್ರೆಗಳ ಡೋಸ್ ಬದಲಿಸಬೇಕಾಗುತ್ತದೆ.

ಒಂದೇ ಒಂದು ಸೇದಿದರೆ? ಐದು ನಿಮಿಷ ಹಾಯೆನಿಸುತ್ತದೆ, ನಿಜ. ಆಮೇಲೆ ಎರಡನೆಯದು ಕರೆಯುತ್ತದೆ. ಬೇಡ. ಈ ಉತ್ತರ ಓದುವುದರೊಳಗೆ ಸೇದಿಬಿಟ್ಟಿದ್ದರೂ ಪರವಾಗಿಲ್ಲ, ಪ್ಯಾಕ್ ತಗೋಬೇಡಿ, ಮುಂದಿನದನ್ನು ಹಚ್ಚಬೇಡಿ. ಎರಡು ವಾರ ತಡೆದಿದ್ದು ಒಂದು ಸಿಗರೇಟಿಗೆ ಅಳಿಸಿಹೋಗುವುದಿಲ್ಲ. ಊಟ ಆದ ಮೇಲಿನ ಹೊತ್ತೇ ಕಷ್ಟ ಅನ್ನುವುದಾದರೆ ಇವತ್ತು ರಾತ್ರಿ ತಟ್ಟೆ ಎತ್ತಿದ ಕೂಡಲೇ ಮಕ್ಕಳನ್ನು ಕರ್ಕೊಂಡು ಬೀದಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಹೇಗಾಯಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.