ಓದುಗರ ಪ್ರಶ್ನೆ: ಡೀಪ್.ಐಒದಲ್ಲಿ ನನ್ನ ಟ್ಯಾಂಕ್ ಯಾಕೆ ಸಾಯ್ತಾ ಇದೆ?

ಬ್ರೌಸರ್‌ನಲ್ಲೇ ಆಡುವ ಶೂಟಿಂಗ್ ಆಟಗಳಲ್ಲಿ ನಿಮಗೆ ಯಾವುದು ಇಷ್ಟ, ಯಾವುದರಲ್ಲಿ ಏನು ಕಿರಿಕಿರಿ ಅಂತ ಕೇಳಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಡೀಪ್.ಐಒ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಕೊಟ್ಟಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು: ನೀವು ಒಂದು ದುಂಡಗಿನ ಪುಟ್ಟ ಟ್ಯಾಂಕ್. ಬಯಲಿನಲ್ಲಿ ಬಿದ್ದಿರುವ ಚೌಕ, ತ್ರಿಕೋನ, ಪಂಚಕೋನಗಳನ್ನು ಹೊಡೆದು ಅಂಕ ಗಳಿಸುತ್ತೀರಿ, ಲೆವೆಲ್ ಏರುತ್ತೀರಿ, ಏರಿದಂತೆ ಟ್ಯಾಂಕಿನ ಗುಣಗಳನ್ನೂ ಬಗೆಯನ್ನೂ ಆರಿಸಿಕೊಳ್ಳುತ್ತೀರಿ, ಅದೇ ಬಯಲಿನಲ್ಲಿ ಅಡ್ಡಾಡುವ ಬೇರೆಯವರ ಟ್ಯಾಂಕುಗಳ ಜೊತೆ ಕಾದಾಡುತ್ತೀರಿ. ಬ್ರೆಜಿಲ್‌ನ ಮ್ಯಾಥ್ಯೂಸ್ ವಲಡಾರೆಸ್ ಇದನ್ನು 2016ರಲ್ಲಿ ಬಿಟ್ಟರು. ಅದರ ಹಿಂದಿನ ವರ್ಷ ಅಗಾರ್.ಐಒ ಮಾಡಿದವರೂ ಅವರೇ.

ಪ್ರಶ್ನೆ: ಕಷ್ಟಪಟ್ಟು ಲೆವೆಲ್ 45 ಮುಟ್ಟುತ್ತೇನೆ. ಯಾವುದೂ ಕಡಿಮೆ ಆಗಬಾರದು ಅಂತ ಎಲ್ಲಾ ಗುಣಗಳಿಗೂ ಸಮನಾಗಿ ಪಾಯಿಂಟ್ ಹಾಕುತ್ತೇನೆ. ಆದರೂ ಎದುರಿಗೆ ಬಂದವರೆಲ್ಲ ನನ್ನನ್ನು ಹೊಡೆದು ಹಾಕುತ್ತಾರೆ. ಯಾಕೆ?
— ಪದವಿ ವಿದ್ಯಾರ್ಥಿ, ಹಾಸನ

ನಿಮ್ಮ ಪತ್ರದಲ್ಲೇ ಉತ್ತರ ಇದೆ. ಸಮನಾಗಿ ಹಾಕಿದ್ದೇ ತೊಂದರೆ.

ಲೆಕ್ಕ ನೋಡಿ. ಎಂಟು ಗುಣಗಳಿವೆ: ಜೀವ ತುಂಬಿಕೊಳ್ಳುವ ವೇಗ, ಒಟ್ಟು ಜೀವ, ಮೈಯಿಂದ ಗುದ್ದುವ ಶಕ್ತಿ, ಗುಂಡಿನ ವೇಗ, ಗುಂಡು ತೂರಿ ಹೋಗುವ ಶಕ್ತಿ, ಗುಂಡಿನ ಪೆಟ್ಟು, ರೀಲೋಡ್ (ಮುಂದಿನ ಗುಂಡು ತಯಾರಾಗುವ ವೇಗ), ಓಡುವ ವೇಗ. ಒಂದೊಂದಕ್ಕೆ 7ರವರೆಗೆ ಹಾಕಬಹುದು. ಎಲ್ಲಾ ತುಂಬಬೇಕಾದರೆ 56 ಬೇಕು. ನಿಮಗೆ ಸಿಗುವುದು 33. ಲೆವೆಲ್ 2ರಿಂದ 28ರವರೆಗೆ ಪ್ರತಿ ಲೆವೆಲ್‌ಗೂ ಒಂದು ಬರುತ್ತದೆ, ಆಮೇಲೆ 30ರಿಂದ ಮೂರು ಲೆವೆಲ್‌ಗೆ ಒಂದು. ಹಾಕಿದ್ದನ್ನು ವಾಪಸ್ ತೆಗೆಯೋಕಾಗಲ್ಲ, ಸತ್ತ ಮೇಲೆಯೇ ಹೊಸ ಲೆಕ್ಕ. ಈ ಬಿಗಿಯೇ ಈ ಆಟದ ಜೀವಾಳ ಅಂತ ನಾನು ನಂಬಿದ್ದೇನೆ. ಏನನ್ನಾದರೂ ಬಿಟ್ಟುಕೊಡದೆ ಇಲ್ಲಿ ಏನೂ ಸಿಗುವುದಿಲ್ಲ. ನೀವು ಎಲ್ಲದಕ್ಕೂ ನಾಲ್ಕು ನಾಲ್ಕು ಹಾಕಿದರೆ, ಗುಂಡಿನಿಂದ ಆಡುವವನ ಎದುರು ನಿಮ್ಮ ಗುಂಡು ಸೋಲುತ್ತದೆ, ಮೈಯಿಂದ ಗುದ್ದುವವನ ಎದುರು ನಿಮ್ಮ ಮೈ ಸೋಲುತ್ತದೆ.

ಇನ್ನೊಂದು ಮುಖ್ಯ ವಿಷಯ ಇದೆ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಈ ಆಟದಲ್ಲಿ ಗುಂಡಿಗೂ ಜೀವ ಇದೆ. ನಿಮ್ಮ ಗುಂಡು ಎದುರಾಳಿಯ ಗುಂಡಿಗೆ ಡಿಕ್ಕಿ ಹೊಡೆಯುತ್ತದೆ, ಗಟ್ಟಿ ಇದ್ದದ್ದು ಉಳಿದು ಮುಂದೆ ಹೋಗುತ್ತದೆ. ಅಂದರೆ ಗುಂಡು ಬರೀ ಆಯುಧ ಅಲ್ಲ, ಗುರಾಣಿಯೂ ಹೌದು. ತೂರಿ ಹೋಗುವ ಶಕ್ತಿ ಅಂದರೆ ಆ ಗುಂಡಿನ ಆಯಸ್ಸು ಅಂದುಕೊಳ್ಳಿ. ಅದಕ್ಕೆ 7, ಪೆಟ್ಟಿಗೆ 7, ರೀಲೋಡ್‌ಗೆ 7 ಹಾಕಿ. 21 ಆಯಿತು. ಉಳಿದ 12ರಲ್ಲಿ ಗುಂಡಿನ ವೇಗಕ್ಕೆ ಆರು, ಓಡುವ ವೇಗಕ್ಕೆ ಆರು. ಮೈಗೆ ಒಂದೂ ಇಲ್ಲ! ಮೊದಲ ಎರಡು ದಿನ ಭಯ ಆಗುತ್ತದೆ, ಯಾರಾದರೂ ಮೈಗೆ ತಾಗಿದರೆ ಮುಗಿಯಿತು. ಆದರೆ ಒಟ್ಟಿಗೆ ಐದು ಗುಂಡು ಹಾರಿಸುವ ಪೆಂಟಾ ಶಾಟ್ ಟ್ಯಾಂಕ್ ತೆಗೆದುಕೊಂಡು ಈ ಲೆಕ್ಕದಲ್ಲಿ ಆಡಿ ನೋಡಿ, ನಿಮ್ಮ ಮುಂದೆ ಗುಂಡಿನ ಗೋಡೆಯೇ ನಿಲ್ಲುತ್ತದೆ.

ಮೈಯಿಂದ ಗುದ್ದುವ ಬೂಸ್ಟರ್ ಟ್ಯಾಂಕ್ ಆಡುವವರದ್ದು ಇದಕ್ಕೆ ತದ್ವಿರುದ್ಧ. ಒಟ್ಟು ಜೀವ, ಗುದ್ದುವ ಶಕ್ತಿ, ಓಡುವ ವೇಗ, ರೀಲೋಡ್ ಎಲ್ಲಾ 7, ಉಳಿದ ಐದು ಜೀವ ತುಂಬಿಕೊಳ್ಳೋಕೆ. ಗುದ್ದುವ ಟ್ಯಾಂಕಿಗೆ ರೀಲೋಡ್ ಯಾಕೆ ಅಂತೀರಾ? ಈ ಆಟದಲ್ಲಿ ಗುಂಡು ಹಾರಿದಾಗ ಟ್ಯಾಂಕ್ ಹಿಂದಕ್ಕೆ ತಳ್ಳಿಕೊಳ್ಳುತ್ತದೆ. ಬೂಸ್ಟರ್‌ನ ಬಂದೂಕುಗಳು ಹೆಚ್ಚಿನವು ಹಿಂದುಗಡೆ ಇವೆ. ಅವು ಬೇಗ ಬೇಗ ಹಾರಿದಷ್ಟೂ ನೀವು ಮುಂದಕ್ಕೆ ನುಗ್ಗುತ್ತೀರಿ. ಇದು ಹೊಳೆದ ದಿನ ನನಗೆ ಎಷ್ಟು ಖುಷಿ ಆಗಿತ್ತು ಅಂದರೆ, ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಯಾರೂ ಹೇಳಿಕೊಡದೆ, ಒಂದು ಸೂಚನೆಯೂ ಇಲ್ಲದೆ, ಬರೀ ಆಡ್ತಾ ಆಡ್ತಾ ಗೊತ್ತಾಗುವ ಹಾಗೆ ಇಟ್ಟಿದ್ದಾರಲ್ವಾ, ಅದು ದೊಡ್ಡ ಕೆಲಸ.

ಪ್ರಶ್ನೆ: ಆಡುತ್ತಿರುವಾಗಲೇ ಇದ್ದಕ್ಕಿದ್ದಂತೆ ಟ್ಯಾಬ್ ಮುಚ್ಚಿಹೋಗುತ್ತದೆ. ವೈರಸ್ ಇರಬಹುದೇ?
— ಓದುಗರು, ಚಿತ್ರದುರ್ಗ

ವೈರಸ್ ಅಲ್ಲ, ನಿಮ್ಮ ಕಿರುಬೆರಳು. ಮೇಲಕ್ಕೆ ಹೋಗೋಕೆ ಡಬ್ಲ್ಯು ಕೀ ಒತ್ತಿರುತ್ತೀರಿ. ಡ್ರೋನ್ ಇರುವ ಟ್ಯಾಂಕ್ ಆಡುವಾಗ ಡ್ರೋನ್‌ಗಳನ್ನು ದೂರ ತಳ್ಳೋಕೆ ಶಿಫ್ಟ್ ಒತ್ತಬೇಕು. ಬೆರಳು ಸ್ವಲ್ಪ ಕೆಳಗೆ ಜಾರಿ ಕಂಟ್ರೋಲ್ ಮೇಲೆ ಬಿತ್ತೋ, ಕಂಟ್ರೋಲ್ ಮತ್ತು ಡಬ್ಲ್ಯು ಸೇರಿದರೆ ಬ್ರೌಸರ್‌ಗೆ ಅದು "ಟ್ಯಾಬ್ ಮುಚ್ಚು" ಅನ್ನುವ ಆಜ್ಞೆ. ಬಾಣದ ಕೀಗಳಲ್ಲಿ ಓಡಾಡಿ, ಇಲ್ಲದಿದ್ದರೆ ಶಿಫ್ಟ್ ಬದಲು ಮೌಸ್‌ನ ಬಲಗುಂಡಿ ಬಳಸಿ. ಹಾಗೆಯೇ, ಆಟದ ನಡುವೆ ಬೇರೆ ಟ್ಯಾಬ್‌ಗೆ ಹೋಗಬೇಡಿ. ಕಣ್ಣಿಗೆ ಕಾಣದ ಟ್ಯಾಬನ್ನು ಬ್ರೌಸರ್ ನಿಧಾನ ಮಾಡಿಬಿಡುತ್ತದೆ, ಆ ಹೊತ್ತಿನಲ್ಲಿ ನಿಮ್ಮ ಟ್ಯಾಂಕ್ ಬಯಲಲ್ಲಿ ಸುಮ್ನೆ ನಿಂತಿರುತ್ತದೆ.

ಪ್ರಶ್ನೆ: ನಮ್ಮ ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಸಿನಿಮಾ ಒಂದು ಸಲವೂ ನಿಲ್ಲುವುದಿಲ್ಲ. ಆದರೆ ಈ ಆಟದಲ್ಲಿ ಮಾತ್ರ ಟ್ಯಾಂಕ್ ನಿಂತು ನಿಂತು ಜಿಗಿಯುತ್ತದೆ, ನಾನು ತಪ್ಪಿಸಿಕೊಂಡೆ ಅಂದುಕೊಂಡ ಗುಂಡಿಗೇ ಸಾಯುತ್ತೇನೆ. ಇಷ್ಟು ದುಡ್ಡು ಕೊಟ್ಟೂ ಹೀಗಾದರೆ ಬೇಜಾರಾಗುವುದಿಲ್ಲವೇ?
— ಓದುಗರು, ಶಿರಸಿ

ಖಂಡಿತ ಬೇಜಾರಾಗುತ್ತದೆ. ನನ್ನನ್ನು ಈ ಆಟದಲ್ಲಿ ಅತಿ ಹೆಚ್ಚು ನೋಯಿಸಿದ್ದೂ ಇದೇ. ಮಳೆಗಾಲದ ಒಂದು ಸಂಜೆ ಒಂದೂವರೆ ಗಂಟೆ ಜೋಪಾನ ಮಾಡಿದ ಟ್ಯಾಂಕ್, ಪರದೆ ಒಂದೇ ಕ್ಷಣ ನಿಂತು ಮತ್ತೆ ಚಲಿಸುವಷ್ಟರಲ್ಲಿ ಇರಲಿಲ್ಲ. ಯಾರು ಹೊಡೆದರು ಅಂತ ಕೂಡ ನೋಡಲಿಲ್ಲ ನಾನು. ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಿಟ್ಟೆ.

ನೀವು ದುಡ್ಡು ಕೊಡುತ್ತಿರುವುದು ಪೈಪಿನ ಅಗಲಕ್ಕೆ. ಆಟಕ್ಕೆ ಬೇಕಾಗಿರುವುದು ಪೈಪಿನ ಉದ್ದ ಕಡಿಮೆ ಇರುವುದು. ಗುಂಡು ತಾಗಿತೋ ಇಲ್ಲವೋ ಅಂತ ತೀರ್ಮಾನ ಮಾಡುವುದು ನಿಮ್ಮ ಕಂಪ್ಯೂಟರ್ ಅಲ್ಲ, ದೂರದಲ್ಲಿರುವ ಸರ್ವರ್. ನಿಮ್ಮ ಪರದೆಯಲ್ಲಿ ಕಾಣುವುದು ಸ್ವಲ್ಪ ಹೊತ್ತಿನ ಹಿಂದಿನ ಚಿತ್ರ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸಿಂಗಾಪುರಕ್ಕೆ ನೇರ ದೂರ 3,000 ಕಿ.ಮೀ.ಗೂ ಜಾಸ್ತಿ. ಹೋಗಿ ಬರೋಕೆ 30 ಮಿಲಿಸೆಕೆಂಡ್ ಬೇಕೇ ಬೇಕು, ಅದೂ ಕೇಬಲ್ ಗೆರೆ ಎಳೆದ ಹಾಗೆ ಇದ್ದು, ನಡುವೆ ಯಾವ ಯಂತ್ರವೂ ತಡೆಯದಿದ್ದರೆ. ನಿಜವಾಗಿ ಇದಕ್ಕಿಂತ ಜಾಸ್ತಿಯೇ ಆಗುತ್ತದೆ. ಯುರೋಪಿನ ಸರ್ವರ್‌ಗೆ ಬಿದ್ದರೆ ದೂರ ಎರಡು ಪಟ್ಟಿಗೂ ಹೆಚ್ಚು, ಅಮೆರಿಕದ್ದಾದರೆ ಕೇಳುವುದೇ ಬೇಡ. ಹಾಗಾಗಿ ಸರ್ವರ್ ಪಟ್ಟಿಯಲ್ಲಿ ಸಿಂಗಾಪುರ ಕಂಡರೆ ಅದನ್ನೇ ಆರಿಸಿ.

ಜಿಗಿತದ ಕಾರಣ ಬೇರೆ. ಬ್ರೌಸರ್‌ನಿಂದ ಸರ್ವರ್‌ಗೆ ಈ ಆಟ ಮಾತಾಡುವುದು ವೆಬ್‌ಸಾಕೆಟ್ ಮೂಲಕ. ಅದರ ಅಡಿಯಲ್ಲಿರುವುದು ಟಿಸಿಪಿ, ಅಂದರೆ ಮಾಹಿತಿಯನ್ನು ತುಣುಕು ತುಣುಕಾಗಿ ಸಾಗಿಸುವ ಪದ್ಧತಿ. ಟಿಸಿಪಿಯ ನಿಯಮ ಏನೆಂದರೆ, ಕಳಿಸಿದ್ದು ಕಳಿಸಿದ ಸಾಲಿನಲ್ಲೇ ತಲುಪಬೇಕು. ನಡುವೆ ಒಂದು ತುಣುಕು ಕಳೆದುಹೋದರೆ, ಅದರ ಹಿಂದೆ ಹೊರಟವೆಲ್ಲ ಬಂದು ಬಾಗಿಲಲ್ಲಿ ನಿಂತಿದ್ದರೂ ಒಳಗೆ ಬಿಡುವುದಿಲ್ಲ, ಆ ಒಂದು ಮತ್ತೆ ಬರುವವರೆಗೆ ಎಲ್ಲವೂ ಕಾಯಬೇಕು. ಬ್ಯಾಂಕ್ ಸಾಲಿನಲ್ಲಿ ಮುಂದಿನವರ ಚಲನ್ ಕಳೆದುಹೋದರೆ ಹಿಂದಿನವರೆಲ್ಲ ನಿಂತ ಹಾಗೆ. ಸಿನಿಮಾ ನೋಡುವಾಗ ಇದು ಗೊತ್ತಾಗಲ್ಲ, ಯಾಕೆಂದರೆ ಮುಂದಿನ ಅರ್ಧ ನಿಮಿಷದ್ದು ಆಗಲೇ ತಂದಿಟ್ಟಿರುತ್ತದೆ. ಆಟದಲ್ಲಿ ಮುಂದಿನ ಅರ್ಧ ನಿಮಿಷ ಇನ್ನೂ ನಡೆದೇ ಇಲ್ಲ, ತಂದಿಡೋದು ಎಲ್ಲಿಂದ?

ತುಣುಕುಗಳು ಕಳೆಯುವುದು ಬಹಳ ಸಲ ಮನೆಯೊಳಗೇ, ವೈಫೈನಲ್ಲಿ. ದಪ್ಪ ಮಣ್ಣಿನ ಗೋಡೆಯ ಹಳೇ ಮನೆಯಾದರೆ ಇನ್ನೂ ಕಷ್ಟ. ನೂರಿನ್ನೂರು ರೂಪಾಯಿಯ ಲ್ಯಾನ್ ಕೇಬಲ್ ತಂದು ರೌಟರ್‌ನಿಂದ ನೇರ ಹಾಕಿ ಆಡಿ ನೋಡಿ. ಅದಾದ ಮೇಲೂ ಜಿಗಿದರೆ, ದೂರದಿಂದ ಹೊಡೆಯುವ ಟ್ಯಾಂಕ್ ಹಿಡಿಯಿರಿ. ರೇಂಜರ್‌ನಂಥದ್ದಕ್ಕೆ ಬಯಲು ಹೆಚ್ಚು ದೂರ ಕಾಣುತ್ತದೆ, ಅಪಾಯ ಮೊದಲೇ ಗೊತ್ತಾಗುತ್ತದೆ. ತಡವಾಗಿ ಬರುವ ಚಿತ್ರ ಇಟ್ಟುಕೊಂಡು ಬೂಸ್ಟರ್ ಆಡಿದರೆ ಸೋಲು ಖಚಿತ.

ಪ್ರಶ್ನೆ: ಅಣ್ಣಾ, ನಾನು ಎಂಟನೇ ಕ್ಲಾಸ್. ಫ್ರೀ ಫಾರ್ ಆಲ್‌ನಲ್ಲಿ ಮೊದಲನೇ ಸ್ಥಾನಕ್ಕೆ ಬಂದಿದ್ದೆ. ಇಬ್ಬರು ಟ್ಯಾಂಕ್ ಗಿರಗಿರ ತಿರುಗಿಸುತ್ತಾ ಬಂದು ಇಬ್ಬರೂ ಸೇರಿ ನನ್ನನ್ನು ಹೊಡೆದರು. ಇದು ಮೋಸ ಅಲ್ವಾ?
— ಮೈಸೂರು

ತಮ್ಮಾ, ನಿನಗೆ ಅನ್ನಿಸಿದ್ದು ಸರಿ. ಈ ಆಟದಲ್ಲಿ ಮಾತಾಡೋಕೆ ಚಾಟ್ ಇಲ್ಲ. ಹಾಗಾಗಿ ಟ್ಯಾಂಕ್ ಗಿರಗಿರ ತಿರುಗಿಸುವುದೇ "ನಾವು ಹೊಡೆದಾಡುವುದು ಬೇಡ" ಅನ್ನುವ ಸನ್ನೆ ಆಗಿಬಿಟ್ಟಿದೆ. ಸನ್ನೆ ಚಂದವೇ. ಆದರೆ ಎಲ್ಲರಿಗೆ ಎಲ್ಲರೂ ಎದುರಾಳಿ ಅಂತ ಇರುವ ಕಣದಲ್ಲಿ ಇಬ್ಬರು ಒಂದಾದರೆ, ಒಬ್ಬನೇ ಆಡುವವನಿಗೆ ಏನು ಉಳಿಯುತ್ತದೆ? ಆಟದ ಒಳಗಿನ ನಿಯಮ ಇದನ್ನು ತಡೆಯುವುದಿಲ್ಲ. ನನ್ನ ಪ್ರಕಾರ ಈ ಆಟದ ದೊಡ್ಡ ಹುಳುಕು ಇದೇ. ಮೊದಲನೇ ಸ್ಥಾನದಲ್ಲಿ ಇರುವವನು ಎಲ್ಲಿದ್ದಾನೆ ಅಂತ ಉಳಿದವರಿಗೆ ಬಾಣದ ಗುರುತು ಬೇರೆ ತೋರಿಸುತ್ತದೆ, ಎಲ್ಲರೂ ಅವನ ಮೇಲೇ ಬೀಳುತ್ತಾರೆ.

ನೀನು ಟೂ ಟೀಮ್ಸ್ ಆಡು. ಅಲ್ಲಿ ಗುಂಪು ಕಟ್ಟುವುದೇ ಆಟ, ಸಾಯುವ ಹಾಗಾದರೆ ನಿನ್ನ ತಂಡದ ನೆಲೆಗೆ ಓಡಿಹೋಗಬಹುದು, ಎದುರಾಳಿ ಒಳಗೆ ಕಾಲಿಟ್ಟರೆ ಅಲ್ಲಿನ ಡ್ರೋನ್‌ಗಳೇ ಅವನನ್ನು ನೋಡಿಕೊಳ್ಳುತ್ತವೆ. ಒಬ್ಬನೇ ಆಡಬೇಕು ಅನ್ನಿಸಿದರೆ ಮೇಜ್ ಇದೆ. ಗೋಡೆಗಳ ನಡುವೆ ಇಬ್ಬರು ಒಟ್ಟಿಗೆ ಸುತ್ತುವರಿಯುವುದು ಅಷ್ಟು ಸುಲಭ ಅಲ್ಲ. ಮೊದಲನೇ ಸ್ಥಾನಕ್ಕೆ ಬಂದೆ ಅಂದೆಯಲ್ಲ, ಎಂಟನೇ ಕ್ಲಾಸ್‌ಗೆ ಅದು ಸಣ್ಣ ಮಾತಲ್ಲ.

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಈ ಆಟ ಆಡಿ ಸೋತಾಗ ಕೂಗಾಡುತ್ತಾನೆ, ಒಮ್ಮೆ ಮೌಸ್ ಎಸೆದ. ಊಟಕ್ಕೆ ಕರೆದರೆ "ಒಂದೇ ನಿಮಿಷ" ಅಂತಾನೆ, ಅರ್ಧ ಗಂಟೆ ಆಗುತ್ತದೆ. ಆಟವನ್ನೇ ನಿಲ್ಲಿಸಿಬಿಡಲೇ?
— ಒಬ್ಬ ತಾಯಿ, ದಾವಣಗೆರೆ

ಪೂರ್ತಿ ನಿಲ್ಲಿಸುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಒಳ್ಳೆಯದು ಇದು: ರಕ್ತ ಇಲ್ಲ, ಮನುಷ್ಯರ ಆಕಾರವೇ ಇಲ್ಲ, ಬರೀ ವೃತ್ತ ಚೌಕಗಳು. ಚಾಟ್ ಇಲ್ಲದ್ದರಿಂದ ಗೊತ್ತಿಲ್ಲದವರು ಅವನ ಜೊತೆ ಆಟದೊಳಗೆ ಮಾತಾಡೋಕಾಗಲ್ಲ. ಆದರೆ ಕೆಲವರು ಟ್ಯಾಂಕಿಗೆ ಕೆಟ್ಟ ಹೆಸರು ಇಟ್ಟುಕೊಂಡು ಬರುತ್ತಾರೆ, ಜಾಹೀರಾತುಗಳೂ ಇರುತ್ತವೆ. ಅದರ ಮೇಲೆ ಕಣ್ಣಿಡಿ.

"ಒಂದೇ ನಿಮಿಷ" ಅಂದಾಗ ಅವನು ಸುಳ್ಳು ಹೇಳುತ್ತಿಲ್ಲ. ಈ ಆಟಕ್ಕೆ ತಡೆದು ನಿಲ್ಲಿಸುವ ಗುಂಡಿ ಇಲ್ಲ, ಒಂದು ಸುತ್ತು ಮುಗಿಯುವ ಹೊತ್ತು ಅಂತಲೂ ಇಲ್ಲ. ಬದುಕಿರುವಷ್ಟು ಹೊತ್ತು ಆಟ. ಲೆವೆಲ್ 45ಕ್ಕೆ ಸುಮಾರು 23,500 ಅಂಕ ಬೇಕು. ಒಂದು ಚೌಕಕ್ಕೆ 10, ತ್ರಿಕೋನಕ್ಕೆ 25, ಪಂಚಕೋನಕ್ಕೆ 130. ಎಷ್ಟು ಹೊಡೆದಿರಬೇಕು ಲೆಕ್ಕ ಹಾಕಿ. ಸತ್ತರೆ ಅದರಲ್ಲಿ ಒಂದು ಪಾಲು ಮಾತ್ರ ವಾಪಸ್ ಸಿಗುತ್ತದೆ. ಅಷ್ಟು ಹೊತ್ತಿನ ದುಡಿಮೆ ಒಂದು ಸೆಕೆಂಡಿನಲ್ಲಿ ಹೋದಾಗ ದೊಡ್ಡವರಿಗೇ ತಡೆಯೋಕಾಗಲ್ಲ, ಅವನಿನ್ನೂ ಮಗು.

ಹಾಗಂತ ಮೌಸ್ ಎಸೆಯಲಿ ಅಂತಲ್ಲ. ಗಡಿಯಾರದ ಲೆಕ್ಕ ಬಿಟ್ಟು ಜೀವದ ಲೆಕ್ಕ ಇಡಿ: "ಸಂಜೆಗೆ ಮೂರು ಟ್ಯಾಂಕ್, ಮೂರನೆಯದು ಸತ್ತ ಮೇಲೆ ಏಳಬೇಕು." ಊಟಕ್ಕೆ ಮುಕ್ಕಾಲು ಗಂಟೆ ಇರುವಾಗ ಹೊಸ ಟ್ಯಾಂಕ್ ಶುರು ಮಾಡಬಾರದು ಅಂತ ಮೊದಲೇ ಒಪ್ಪಿಸಿ. ಸಾಧ್ಯವಾದರೆ ಒಂದು ದಿನ ನೀವೂ ಪಕ್ಕದಲ್ಲಿ ಕೂತು ಆಡಿ. ಏನಕ್ಕೆ ಕೂಗುತ್ತಾನೆ ಅಂತ ಗೊತ್ತಾದರೆ, ಬೈಯುವ ಧಾಟಿಯೇ ಬೇರೆ ಆಗುತ್ತದೆ.

ಪ್ರಶ್ನೆ: ನನಗೀಗ 56. ಬೆಂಗಳೂರಿನಲ್ಲಿ ಓದುವಾಗ ನಾಣ್ಯ ಹಾಕಿ ವಿಡಿಯೋ ಗೇಮ್ ಆಡುತ್ತಿದ್ದೆ. ಮಗಳು ಇದನ್ನು ತೋರಿಸಿದಳು, ಹಳೆಯ ರುಚಿಯೇ ಇದೆ ಅನ್ನಿಸಿತು. ಬರೀ ಭ್ರಮೆಯೇ?
— ಓದುಗರು, ತುಮಕೂರು

ಭ್ರಮೆ ಅಲ್ಲ ಸರ್, ನಿಮ್ಮ ಕೈಗೆ ನೆನಪಿದೆ. ಒಂದು ಕೈಯಲ್ಲಿ ಓಡಾಟ, ಇನ್ನೊಂದು ಕೈಯಲ್ಲಿ ಬೇರೆ ದಿಕ್ಕಿಗೆ ಗುಂಡು. ಇದು 1982ರ ರೋಬೋಟ್ರಾನ್ ಆಟದ ಎರಡು ಕೋಲಿನ ಹಿಡಿತವೇ. ಅಲ್ಲಿದ್ದ ಎರಡನೇ ಕೋಲಿನ ಜಾಗಕ್ಕೆ ಮೌಸ್ ಬಂದಿದೆ ಅಷ್ಟೇ. ಟ್ಯಾಂಕ್ ಜಾರುತ್ತಾ ನಿಲ್ಲುವುದು, ಗುರಿ ಇಟ್ಟ ಕಡೆ ಆಕಾರಗಳು ಒಡೆಯುವುದು ನೋಡಿದರೆ 1979ರ ಆಸ್ಟೆರಾಯ್ಡ್ಸ್ ಕೂಡ ನೆನಪಾಗುತ್ತದೆ. ಆದರೆ ಅಲ್ಲಿ ಎದುರಾಳಿ ಯಂತ್ರ, ಹತ್ತು ಸಲ ಆಡಿದರೆ ಅದರ ಚಾಳಿ ಗೊತ್ತಾಗುತ್ತಿತ್ತು. ಇಲ್ಲಿ ಎದುರಿಗಿರುವುದು ಎಲ್ಲೋ ಕೂತಿರುವ ಮನುಷ್ಯ. ನೀವು ಕಲಿತ ಹಾಗೇ ಅವನೂ ಕಲಿಯುತ್ತಿರುತ್ತಾನೆ. ಮಗಳ ಜೊತೆ ಆಡುವಾಗ ಬಯಲಿನ ನಡುವೆ ಇರುವ ಪಂಚಕೋನಗಳ ಗೂಡಿಗೆ ಒಟ್ಟಿಗೆ ಹೋಗಿ. ಅಲ್ಲಿನ ಆಲ್ಫಾ ಅನ್ನುವ ದೊಡ್ಡ ಪಂಚಕೋನಕ್ಕೆ 3,000 ಅಂಕ. ಗುಲಾಬಿ ಬಣ್ಣದ ಪುಟ್ಟ ತ್ರಿಕೋನಗಳು ಬೆನ್ನಟ್ಟಿ ಬರುತ್ತವೆ, ಒಬ್ಬರು ಅವನ್ನು ನೋಡಿಕೊಂಡರೆ ಇನ್ನೊಬ್ಬರು ದೊಡ್ಡದನ್ನು ಒಡೆಯಬಹುದು.

ಪ್ರಶ್ನೆ: ಸ್ಮ್ಯಾಷರ್ ಟ್ಯಾಂಕ್ ಬೇಕು ಅಂತ ಲೆವೆಲ್ 30ರವರೆಗೆ ಬಂದೆ. ಆಯ್ಕೆಯಲ್ಲಿ ಕಾಣಿಸಲೇ ಇಲ್ಲ. ಯಾಕೆ?
— ಓದುಗರು, ರಾಯಚೂರು

ಲೆವೆಲ್ 15ರಲ್ಲಿ ಟ್ವಿನ್ನೋ ಸ್ನೈಪರೋ ಏನನ್ನೋ ಒತ್ತಿರುತ್ತೀರಿ. ಒತ್ತಬಾರದು. ಅಲ್ಲಿ ಆಯ್ಕೆ ಬಂದರೂ ಹಾಗೇ ಬಿಟ್ಟು, ಶುರುವಿನ ಒಂಟಿ ಬಂದೂಕಿನ ಟ್ಯಾಂಕಿನಲ್ಲೇ 30ರವರೆಗೆ ಹೋಗಿ. ಆಗ ಬರುತ್ತದೆ. ಗುಂಡಿಗೆ ಒಂದು ಪಾಯಿಂಟೂ ಖರ್ಚು ಮಾಡಬೇಡಿ, ಸ್ಮ್ಯಾಷರ್‌ಗೆ ಬಂದೂಕೇ ಇಲ್ಲ.