ಕೂರ್‌ನ ಹಳೇ ಪೇಟೆಗೆ ಕೆಲಸಕ್ಕೆ ಬರುವ ತಮ್ಮನಿಗೆ

ಸ್ವಿಟ್ಜರ್ಲೆಂಡಿನ ಕೂರ್‌ನಲ್ಲಿ ಆರ್ಕಿಟೆಕ್ಟ್ ಕೆಲಸ ಸಿಕ್ಕಿದೆ, ಆದರೆ ಬರೀ ಹಳೇ ಪೇಟೆಯ ರಿಪೇರಿ, ಹೊಸದೇನೂ ಕಟ್ಟದೆ ಕೆರಿಯರ್ ಹಾಳಾಗುತ್ತಾ ಅಂತ ಕೇಳಿದ್ದೀಯ. ಬಾಡಿಗೆ, ಚಳಿ, ಊಟದ ಬಗ್ಗೆಯೂ ಕೇಳಿದ್ದೀಯ. ಅಕ್ಕ ಅಂತ ಕರೆದ ಮೇಲೆ ನೀನು ಅಂತಲೇ ಬರೆಯುತ್ತೇನೆ.

ಬಾಡಿಗೆ ಜಾಸ್ತಿ. ಚಳಿ ಅಭ್ಯಾಸವಾಗುತ್ತದೆ. ಸಾರಿನ ಪುಡಿ ಮಾತ್ರ ಅಮ್ಮನ ಹತ್ತಿರ ಮಾಡಿಸಿಕೊಂಡೇ ಬಾ.

ಸ್ವಿಸ್ ಆರ್ಕಿಟೆಕ್ಟ್ ಪೀಟರ್ ಜುಮ್‌ತೋರ್ ಹೆಸರು ಕಾಲೇಜಿನಲ್ಲೇ ಕೇಳಿರುತ್ತೀಯ. ಅವರು ವಾಲ್ಸ್ ಹಳ್ಳಿಯಲ್ಲಿ ಕಟ್ಟಿದ ಕಲ್ಲಿನ ಸ್ನಾನಗೃಹದ ಫೋಟೊ ನೋಡಿರುತ್ತೀಯ. ಅದು 1996ರದ್ದು. ಬಡಗಿ ಕೆಲಸ ಕಲಿತ ಅವರು ಅರವತ್ತರ ದಶಕದ ಕೊನೆಗೆ ಸೇರಿದ್ದು ನೀನು ಬರುತ್ತಿರುವ ಗ್ರೌಬ್ಯುಂಡನ್ ಕ್ಯಾಂಟನ್ನಿನ (ಅಂದರೆ ಇಲ್ಲಿನ ರಾಜ್ಯದ) ಸ್ಮಾರಕ ರಕ್ಷಣೆ ಇಲಾಖೆಗೆ. ಸುಮಾರು ಹತ್ತು ವರ್ಷ ಹಳೇ ಕಟ್ಟಡಗಳದ್ದೇ ಕೆಲಸ. ಕೂರ್ ಪಕ್ಕದ ಹಾಲ್ಡೆನ್‌ಸ್ಟೈನ್‌ನಲ್ಲಿ ಸ್ವಂತ ಆಫೀಸು ತೆರೆದದ್ದು 1979ರಲ್ಲಿ, ಆರ್ಕಿಟೆಕ್ಟರ ದೊಡ್ಡ ಪ್ರಶಸ್ತಿ ಪ್ರಿಟ್ಸ್‌ಕರ್ ಬಂದದ್ದು 2009ರಲ್ಲಿ. ಲೆಕ್ಕ ನೀನೇ ಹಾಕಿಕೋ.

ಕೂರ್‌ನ ರೋಮನ್ ಅವಶೇಷಗಳ ಮೇಲೆ 1986ರಲ್ಲಿ ಅವರು ಕಟ್ಟಿದ ಮರದ ಸೂರನ್ನು ಬಂದ ಕೂಡಲೇ ನೋಡು. ಪ್ರವಾಸಿ ಕಚೇರಿಯಲ್ಲಿ ಬೀಗದ ಕೈ ಇಸಿದುಕೊಂಡು ನೀನೇ ಬಾಗಿಲು ತೆಗೆಯಬೇಕು. ಗೋಡೆಗಳೆಲ್ಲ ಮರದ ಪಟ್ಟಿ. ಸಂದಿಯಲ್ಲಿ ಗಾಳಿ, ಬೆಳಕು, ರಸ್ತೆಯ ಸದ್ದು ಎಲ್ಲ ಒಳಗೆ ಬರುತ್ತದೆ. ಆ ಗೋಡೆಗಳು ಎದ್ದಿರುವುದು ರೋಮನ್ನರ ಗೋಡೆಯ ಗೆರೆ ಹಿಡಿದೇ. ರಿಪೇರಿ ಕೆಲಸ ಅಂತ ಮೂಗು ಮುರಿಯುವವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು.

ಇನ್ನು ಕಂಬದ ವಿಷಯ. ಇಲ್ಲಿ ಕಟ್ಟುವ ಪರ್ಮಿಷನ್‌ಗೆ ಅರ್ಜಿ ಹಾಕಿದಾಗ, ಕಟ್ಟಡ ಎಷ್ಟು ಎತ್ತರ, ಛಾವಣಿ ಎತ್ತ ಇಳಿಜಾರು ಅಂತ ಜಾಗದಲ್ಲೇ ಕಂಬ ನೆಟ್ಟು ತೋರಿಸಬೇಕು. ಅಕ್ಕಪಕ್ಕದವರು ನೋಡಿ ತಕರಾರು ಹಾಕಬಹುದು. ನಾನು ಬಂದ ಹೊಸದರಲ್ಲಿ ಹಳೇ ಮನೆಯೊಂದರ ಮಹಡಿ ಏರಿಸುವ ಡ್ರಾಯಿಂಗ್ ಮಾಡಿದ್ದೆ. ನಿಯಮದ ಪ್ರಕಾರ ಎಲ್ಲ ಸರಿ. ಪಕ್ಕದ ಮನೆಯ ಅಜ್ಜಿ ಬಿಡಲಿಲ್ಲ. ಅವರ ಅಡುಗೆಮನೆ ಕಿಟಕಿಯಿಂದ ಚರ್ಚಿನ ಗಡಿಯಾರ ಕಾಣುತ್ತಿತ್ತು, ಕಂಬದ ತುದಿ ಅದಕ್ಕೇ ಅಡ್ಡ! ಮಾತೆಲ್ಲ ಸ್ವಿಸ್ ಆಡುಭಾಷೆಯಲ್ಲಿ. ತರಗತಿಯಲ್ಲಿ ಕಲಿತ ಜರ್ಮನ್ ಕೆಲಸಕ್ಕೆ ಬರಲಿಲ್ಲ. ಬಾಸ್ ಮಾತಾಡಿದರು, ನಾನು ಕಾಫಿ ಹಿಡಿದು ಸುಮ್ನೆ ಕೂತೆ. ಛಾವಣಿ ಒಂದು ಮೊಳ ಇಳಿಯಿತು, ಡ್ರಾಯಿಂಗ್ ಬೇರೆಯವರ ಕೈಗೆ ಹೋಯಿತು. ಆ ಉರಿ ಇನ್ನೂ ಪೂರ್ತಿ ಆರಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಅವರ ಆಡುಮಾತು ಮಾತಾಡಲು ಬರದಿದ್ದರೂ ಪರವಾಗಿಲ್ಲ, ಅರ್ಥವಾಗುವಷ್ಟಾದರೂ ಕಲಿ.

ನೀನೂ ಮೈಸೂರಿನವನಲ್ವಾ? 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ ಕೆಡವೋದಾ ಉಳಿಸೋದಾ ಅಂತ ಎಷ್ಟು ಜಗ್ಗಾಟ ಆಯ್ತು, ನೋಡಿದ್ದೀಯ. ಹೂವಿನವರಿಗೂ ಇಂಥ ಕಂಬ ನೋಡಿ ಬೇಡ ಅನ್ನುವ ಹಕ್ಕು ಇರಬೇಕಿತ್ತು ಅನ್ನಿಸುತ್ತದೆ. ಇಷ್ಟು ವರ್ಷ ಇವರ ಕಿಟಕಿಗಳನ್ನು ಅಳೆದೆ, ನಮ್ಮೂರಿನದು ಒಂದನ್ನೂ ಅಳೆಯಲಿಲ್ಲ ಅನ್ನೋ ಕೊರಗೂ ಇದೆ.

ಕೆಲಸ ಒಪ್ಪಿಕೋ. ಸಹಿ ಹಾಕುವ ಮುಂಚೆ ಎರಡು ಮಾತು ಕೇಳು: ಸೈಟಿಗೆ ಕಳಿಸುತ್ತಾರಾ, ಇಲ್ಲಾ ಕಂಪ್ಯೂಟರ್ ಮುಂದೆಯೇ ಕೂರಿಸುತ್ತಾರಾ? ವರ್ಕ್ ಪರ್ಮಿಟ್ ಅರ್ಜಿ ಯಾವಾಗ ಹಾಕುತ್ತಾರೆ? ಅದನ್ನು ಕೆಲಸ ಕೊಡುವವರೇ ಹಾಕಬೇಕು. ಅದು ಕೈಗೆ ಬರುವವರೆಗೆ ಟಿಕೆಟ್ ತೆಗೀಬೇಡ.