ಚರ್ಚ್ ಹೈಸ್ಕೂಲಿನ ಇತಿಹಾಸ ಬರೆಯೋಕೆ ಚರ್ಚ್ ದಾಖಲೆ ಸಾಕಾ?

ಸಾಕಾಗಲ್ಲ. ನಿಮ್ಮೂರ ಶಾಲೆಗೆ 75 ವರ್ಷ, ಸ್ಮರಣ ಸಂಚಿಕೆಗೆ ಇತಿಹಾಸ ಬರೆಯುವ ಜವಾಬ್ದಾರಿ ನಿಮ್ಮದು, "ಎಲ್ಲ ದಾಖಲೆ ಚರ್ಚಲ್ಲೇ ಉಂಟು" ಅಂತ ಫಾದರ್ ಹೇಳಿದ್ದಾರೆ ಅಂತ ಬರ್ದಿದ್ದೀರಲ್ಲ, ಅದನ್ನ ಓದಿ ನನಗೆ ಎದೆ ಧಸಕ್ ಅಂತು. 2018ರಲ್ಲಿ ನಮ್ಮ ಶಾಲೆಯ ಜುಬಿಲಿ ಸಂಚಿಕೆಗೆ ಇತಿಹಾಸ ಬರೆಯುವಾಗ ನನಗೂ ಇದೇ ಮಾತು ಹೇಳಿದ್ರು, ನಾನೂ ಹೂಂ ಅಂದೆ.

ನಮ್ಮದು ದಕ್ಷಿಣ ಕನ್ನಡದ ಬಂಟ್ವಾಳ ಕಡೆಯ ಹಳ್ಳಿ, ಶಾಲೆಯ ಹೆಸರು ಬೇಡ. ಚರ್ಚ್ ಕಂಪೌಂಡಲ್ಲೇ ಹೈಸ್ಕೂಲು, ಕನ್ನಡ ಮೀಡಿಯಂ, ಅನುದಾನಿತ, ಊರಿಗೆ ಯಾರು ವಿಗಾರ್ (ಚರ್ಚಿನ ಮುಖ್ಯ ಪಾದ್ರಿ) ಆಗಿ ಬರ್ತಾರೋ ಅವರೇ ಶಾಲೆಯ ಸಂಚಾಲಕರು. ನಾನು ಕೊಂಕಣಿ ಮಾತಾಡುವ ಕೆಥೊಲಿಕ್ ಮನೆಯವನು, ಅಲ್ಲೇ ಎಸ್ಸೆಸ್ಸೆಲ್ಸಿ ಮಾಡಿದ್ದು. ಸಂಚಿಕೆಯಲ್ಲಿ ಶುರುವಿನ ಐದು ಬ್ಯಾಚಿನ ಮಕ್ಕಳ ಹೆಸರು ಪೂರ್ತಿ ಹಾಕ್ಬೇಕು ಅನ್ನೋದು ನನ್ನದೇ ಐಡಿಯಾ, ಈಗಲೂ ಅದು ಒಳ್ಳೆ ಐಡಿಯಾನೇ ಅಂತೇನೆ.

ತಪ್ಪಾದದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನೀವು ನಿಂತಿರೋದು ಸರಿಯಾಗಿ ಅದೇ ಜಾಗದಲ್ಲಿ. ಶಾಲೆಯ ಮೊದಲ ಅಡ್ಮಿಷನ್ ರಿಜಿಸ್ಟರ್ ಅಟ್ಟದಲ್ಲಿತ್ತು. ಯಾವುದೋ ಮಳೆಗಾಲ ಹಂಚು ಒಡೆದು ನೀರು ಬಿದ್ದು ಹಾಳೆಗೆ ಹಾಳೆ ಅಂಟಿ ಹಲಗೆ ಥರ ಆಗಿತ್ತು, ಒಂದು ಮೂಲೆ ಒರಲೆ (ಗೆದ್ದಲು) ತಿಂದಿತ್ತು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ "ಟೈಮ್ ತಗೊಂಡು ಬಿಡಿಸಿದ್ರೆ ಬಿಡಿಸಬಹುದು" ಅಂದ್ರು. ನನಗೆ ಟೈಮ್ ಇರ್ಲಿಲ್ಲ, ಪ್ರೆಸ್ಸಿಗೆ ಕೊಡೋಕೆ ಎರಡು ತಿಂಗಳು, ಕೆಲಸ ಬೆಂಗಳೂರಲ್ಲಿ, ಊರಿಗೆ ಬರ್ತಿದ್ದದ್ದು ವಾರಾಂತ್ಯಕ್ಕೆ. ಪಕ್ಕದ ಚರ್ಚ್ ಆಫೀಸಲ್ಲಿ ಬ್ಯಾಪ್ಟಿಸಮ್ (ದೀಕ್ಷಾಸ್ನಾನ) ರಿಜಿಸ್ಟರ್ ಇತ್ತು, ಒಂದು ಹಾಳೆ ಹಾಳಾಗಿಲ್ಲ, ಮುತ್ತಿನಂಥ ಅಕ್ಷರ, ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ ಎಲ್ಲ ಉಂಟು. ಹುಟ್ಟಿದ ವರ್ಷಕ್ಕೆ 14 ಸೇರಿಸಿದ್ರೆ ಫೋರ್ತ್ ಫಾರ್ಮಿಗೆ, ಅಂದ್ರೆ ಈಗಿನ ಒಂಬತ್ತನೇ ಕ್ಲಾಸಿಗೆ, ಸೇರುವ ವರ್ಷ ಸಿಗ್ತದೆ (ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, 1956ರವರೆಗೂ, ಹಾಗಾಗಿ ಸ್ಟ್ಯಾಂಡರ್ಡ್ ಅಲ್ಲ ಫಾರ್ಮ್). ಹಾಗೆ ಹೆಸರು ಆರಿಸಿದೆ, ಪ್ರತಿ ವಾಡೊದ (ಚರ್ಚಿಗೆ ಸೇರಿದ ವಠಾರ) ಗುರ್ಕಾರರ, ಅಂದ್ರೆ ಅಲ್ಲಿಯ ಕೆಥೊಲಿಕ್ ಮನೆಗಳ ಮುಖಂಡರ, ಹತ್ರ ಹೋಗಿ "ಇವ್ರು ನಮ್ಮ ಶಾಲೆಗೆ ಬಂದಿದ್ರಾ" ಅಂತ ಕೇಳಿ ಟಿಕ್ ಹಾಕ್ಕೊಂಡೆ. ಪಟ್ಟಿ ರೆಡಿ.

ಬ್ಯಾಪ್ಟಿಸಮ್ ರಿಜಿಸ್ಟರಲ್ಲಿ ಬ್ಯಾಪ್ಟಿಸಮ್ ಆದವರು, ಅಂದ್ರೆ ಕ್ರೈಸ್ತರು, ಮಾತ್ರ ಇರ್ತಾರೆ. ಎಷ್ಟು ಸುಲಭದ ಮಾತು ನೋಡಿ, ನನಗೆ ಹೊಳೀಲೇ ಇಲ್ಲ. ಪ್ರೂಫ್ ನೋಡಿದ್ದು ನಾನು, ಫಾದರ್, ಮತ್ತೆ ಇಬ್ಬರು ಗುರ್ಕಾರರು, ನಾಲ್ಕೂ ಜನ ಒಂದೇ ಚರ್ಚಿನವರು, ನಾಲ್ಕು ಜನಕ್ಕೂ ಪಟ್ಟಿ ಪೂರ್ತಿ ಇದ್ದ ಹಾಗೇ ಕಾಣ್ತು. ಒಬ್ಬ ಬಿಲ್ಲವರೋ ಮುಸ್ಲಿಂ ಬ್ಯಾರಿಗಳೋ ಆ ಪ್ರೂಫ್ ನೋಡಿದ್ರೆ ಒಂದು ನಿಮಿಷದಲ್ಲಿ ಹೇಳ್ತಿದ್ರು.

ಜುಬಿಲಿ ದಿನ ಪುಸ್ತಕದ ಟೇಬಲ್ ಹತ್ರ ನಾನೇ ಕೂತಿದ್ದೆ. ಎಂಬತ್ತು ದಾಟಿದ ಒಬ್ಬರು ಅಜ್ಜ ಮೊಮ್ಮಗನ ಕೈ ಹಿಡ್ಕೊಂಡು ಬಂದ್ರು. ಹೊಳೆ ಆಚೆಯವರು, ಅಪ್ಪ ಮೂರ್ತೆದಾರಿಕೆ (ಕಳ್ಳು ಇಳಿಸುವ ಕೆಲಸ) ಮಾಡ್ತಿದ್ದರಂತೆ, ಇವರು ದೋಣಿಯಲ್ಲಿ ದಾಟಿ ಶಾಲೆಗೆ ಬರ್ತಿದ್ದದ್ದು, ಕಟ್ಟಡ ಕಟ್ಟುವಾಗ ಮಕ್ಕಳೆಲ್ಲ ಸಾಲು ನಿಂತು ಹೊಳೆಯಿಂದ ಹೊಯ್ಗೆ (ಮರಳು) ಹೊತ್ತದ್ದು ಅಂತೆಲ್ಲ ತುಳುವಲ್ಲಿ ಹೇಳ್ತಾ ಹೇಳ್ತಾ ಪುಸ್ತಕಕ್ಕೆ ದುಡ್ಡು ಕೊಟ್ಟು, "ಕನ್ನಡಕ ತರ್ಲಿಲ್ಲ, ನನ್ನ ಹೆಸರು ಯಾವ ಪುಟದಲ್ಲುಂಟು ಸ್ವಲ್ಪ ನೋಡಿ ಕೊಡ್ತೀರಾ" ಅಂದ್ರು. ನಾನು ಪುಟ ತಿರುಗಿಸಿದೆ. ಇಲ್ಲ ಅಂತ ನನಗೆ ಆ ಕ್ಷಣವೇ ಗೊತ್ತಾಯ್ತು, ಆದ್ರೂ ಬೆರಳಿಟ್ಟು ಕೊನೇವರೆಗೆ ಹುಡುಕಿದ ಹಾಗೆ ಮಾಡಿದೆ. ಅವರು ಕಾದು, "ಇರ್ಲಿ, ಪುಸ್ತಕ ಚಂದ ಆಗಿದೆ" ಅಂತ ಅದನ್ನ ಚೀಲಕ್ಕೆ ಹಾಕ್ಕೊಂಡು ಹೋದ್ರು.

ಆಮೇಲೆ ಮಾತು ಹಬ್ಬಿತು. ಹಳೆ ವಿದ್ಯಾರ್ಥಿ ಸಂಘದ ಮೀಟಿಂಗಿಗೆ ಹೊಳೆ ಆಚೆಯವರು ಬರೋದು ನಿಲ್ಲಿಸಿದ್ರು, ಜಗಳ ಇಲ್ಲ, ಸುಮ್ನೆ ಬರ್ಲಿಲ್ಲ. ಶಾಲೆಯ ಗದ್ದೆ ಬದಿಯ ಗೋಡೆಗೆ ಪ್ರತಿ ವರ್ಷ ಅವರೇ ಬಂದು ಕೆಲಸ ಮಾಡಿ ಕೊಡ್ತಿದ್ದದ್ದು.

ಮರು ವರ್ಷ ನಾನು ರಿಜಿಸ್ಟರ್ ಬಿಡಿಸಲಿಕ್ಕೆ ಕೂತೆ. ನಾಲ್ಕು ತಿಂಗಳ ಭಾನುವಾರಗಳು ಹೋದ್ವು. ಮೊದಲ ಬ್ಯಾಚಿನ 31 ಮಕ್ಕಳಲ್ಲಿ 17 ಜನ ಕೆಥೊಲಿಕರಲ್ಲ! ತಂದೆಯ ಉದ್ಯೋಗ ಅನ್ನೋ ಕಾಲಂ ಓದ್ತಾ ಹೋದ್ರೆ ಊರೇ ಎದ್ದು ಬರ್ತದೆ, ಗೇಣಿ ಒಕ್ಕಲು, ಮೂರ್ತೆ, ದೋಣಿ, ಹಂಚಿನ ಕಾರ್ಖಾನೆ, ಅಂಗಡಿ. ಶಾಲೆಯ ಇತಿಹಾಸ ಅಂದ್ರೆ ನನ್ನ ಪ್ರಕಾರ ಆ ಒಂದು ಕಾಲಂ, ನಾನು ಸಂಚಿಕೆಯಲ್ಲಿ ಅದನ್ನ ಬಿಟ್ಟು ಹದಿನಾರು ಪುಟ ಬರ್ದಿದ್ದೆ.

ಆ ಹದಿನಾರು ಪುಟದಲ್ಲಿ ಎಂತ ಇತ್ತು ಅಂದ್ರೆ ನೀವು ಪ್ಲ್ಯಾನ್ ಹಾಕಿದ್ದೇ ಇತ್ತು. 1784ರಲ್ಲಿ ಟಿಪ್ಪು ಇಲ್ಲಿಯ ಕೆಥೊಲಿಕರನ್ನ ಸೆರೆ ಹಿಡಿದದ್ದು, 1878ರ ಕೊನೆಗೆ ಜೆಸ್ವಿತ್ ಪಾದ್ರಿಗಳು ಮಂಗಳೂರಿಗೆ ಬಂದದ್ದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, ಇಟಲಿಯ ಚಿತ್ರಕಾರ ಮೊಸ್ಕೆನಿ ಅದರ ಚಾಪೆಲಿನ ಗೋಡೆ ತುಂಬ ಚಿತ್ರ ಬರೆದದ್ದು. ಎಲ್ಲ ನಿಜ, ಎಲ್ಲ ದೊಡ್ಡದು, ಆದ್ರೆ ಅದು ಮಂಗಳೂರಿನ ಕತೆ, ನಿಮ್ಮ ಹಳ್ಳಿ ಶಾಲೆಯದ್ದಲ್ಲ. ಒಂದು ಪ್ಯಾರಾದಲ್ಲಿ ಮುಗಿಸಿ. ಅದಕ್ಕಿಂತ, ನಿಮ್ಮಲ್ಲಿ ಬೆಥನಿ ಸಿಸ್ಟರ್ಸ್ ಇದ್ರು ಅಂತ ಬರ್ದಿದ್ದೀರಲ್ಲ, ಅದನ್ನ ಹಿಡೀರಿ. 1921ರಲ್ಲಿ ಮಂಗಳೂರಿನ ಬೆಂದೂರಲ್ಲಿ ಫಾದರ್ ರೇಮಂಡ್ ಮಸ್ಕರೇನ್ಹಸ್ ಆ ಸಂಸ್ಥೆ ಶುರು ಮಾಡಿದ್ದು, ಹಳ್ಳಿ ಹುಡುಗಿಯರ ಓದು ಅವರ ದೊಡ್ಡ ಕೆಲಸ. ನಿಮ್ಮ ಶಾಲೆಗೆ ಮೊದಲು ಹುಡುಗಿಯರು ಬಂದದ್ದು ಯಾವಾಗ, ಯಾವ ಮನೆಯಿಂದ, ಅಮ್ಮ ಬೀಡಿ ಕಟ್ಟಿ ಫೀಸ್ ಕೊಟ್ಟದ್ದಾ, ಅದನ್ನ ಕೇಳಿ ಬರೀರಿ.

"ಕೆಥೊಲಿಕ್ ಶಾಲೆ, ಹಾಗಾಗಿ ಕೆಥೊಲಿಕ್ ಸಮುದಾಯದ ಇತಿಹಾಸ" ಅಂತ ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲುಂಟು, ಅದನ್ನ ನಾನು ಒಪ್ಪೋದೇ ಇಲ್ಲ. ನಡೆಸಿದ್ದು ಚರ್ಚು, ಸರಿ. ಓದಿದ್ದು ಇಡೀ ಊರು. ನಾವು ದೊತೊರ್ನ್‌ಗೆ (ನಮ್ಮ ಧರ್ಮಪಾಠ) ಹೋದಾಗ ಉಳಿದವರಿಗೆ ಪಕ್ಕದ ಕ್ಲಾಸಲ್ಲಿ ನೀತಿಪಾಠ, ಆ ಪಾಠದ ಕತೆಗಳು ನಮ್ಮದಕ್ಕಿಂತ ಚಂದ ಅಂತ ನಮಗೆ ಹೊಟ್ಟೆಕಿಚ್ಚು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಮೇರಿ ಮಾತೆಯ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬ) ಆದ ಮರುದಿನ ನಾವು ಕಬ್ಬಿನ ತುಂಡು ತಂದು ಇಡೀ ಕ್ಲಾಸಿಗೆ ಹಂಚಬೇಕು, ತರದಿದ್ರೆ ಬಿಡ್ತಿರ್ಲಿಲ್ಲ. ಸ್ಕೂಲ್ ಡೇಗೆ ಯಕ್ಷಗಾನ ಇಲ್ಲದ ವರ್ಷ ನನಗೆ ನೆನಪಿಲ್ಲ, ನಮ್ಮ ಹುಡುಗರೂ ಗೆಜ್ಜೆ ಕಟ್ಟಿದ್ದಾರೆ. ಇದೆಲ್ಲ ಚರ್ಚಿನ ಯಾವ ರಿಜಿಸ್ಟರಲ್ಲೂ ಸಿಗಲ್ಲ.

ದಾಖಲೆ ಹುಡುಕೋಕೆ ಬಿಷಪ್ ಹೌಸಿಗೆ ಹೋಗ್ಬೇಕಾ ಅಂತ ಕೇಳಿದ್ರಿ. ಹೋಗಿ, ಕೊನೆಗೆ ಹೋಗಿ. ಮೊದಲು ಅಡ್ಮಿಷನ್ ರಿಜಿಸ್ಟರ್, ಆಮೇಲೆ ಅದರಲ್ಲಿರೋ ಮನೆಗಳು. ಡಿಸೋಜ ಅಂತ ಮಾತ್ರ ಬರೀಬೇಡಿ, ನೂರು ಜನ ಇರ್ತಾರೆ, ಮನೆ ಇರೋ ಜಾಗದ ಹೆಸರು ಸೇರಿಸಿ. ಪ್ರೂಫ್ ಓದೋಕೆ ಚರ್ಚಿನ ಹೊರಗಿನ ಇಬ್ಬರನ್ನಾದ್ರೂ ಕೂರಿಸಿ, ಇದೊಂದು ವಿಷಯದಲ್ಲಿ ಯಾರ ಮಾತೂ ಕೇಳ್ಬೇಡಿ.

ನಾನು ಆಮೇಲೆ ಎಂಟು ಪುಟದ ತಿದ್ದುಪಡಿ ಪಟ್ಟಿ ಪ್ರಿಂಟ್ ಮಾಡಿಸಿ ಹೊಳೆ ಆಚೆ ಮನೆ ಮನೆಗೆ ಹೋದೆ. ಆ ಅಜ್ಜನ ಮನೆಗೆ ಹೋದಾಗ ಕನ್ನಡಕ ಹಾಕ್ಕೊಂಡು ತಮ್ಮ ಹೆಸರು ನೋಡಿದ್ರು, ನೋಡಿ ಅದರ ಕೆಳಗೆ ನಾನು ಖಾಲಿ ಬಿಟ್ಟಿದ್ದ ಜಾಗ ತೋರಿಸಿ ಇದು ಯಾರು ಅಂದ್ರು. ಒರಲೆ ತಿಂದ ಮೂಲೆ, ಓದೋಕೆ ಆಗ್ಲಿಲ್ಲ ಅಂದೆ. ಒಂದೇ ಬೆಂಚಲ್ಲಿ ಕೂತವ ಅಂತ ಹೆಸರು, ಅಪ್ಪನ ಹೆಸರು, ಮನೆ ಎಲ್ಲ ಹೇಳಿದ್ರು, ಬರ್ಕೊಂಡು ಬಂದೆ. ಸಂಘಕ್ಕೆ ಕೆಲವರು ವಾಪಸ್ ಬಂದಿದ್ದಾರೆ, ಎಲ್ಲರೂ ಅಲ್ಲ.

ನಿಮ್ಮ ರಿಜಿಸ್ಟರೂ ಅಂಟಿದ್ರೆ ಬಿಸಿಲಿಗೆ ಇಡ್ಬೇಡಿ, ಎಳೀಬೇಡಿ. ನೆರಳಲ್ಲಿ ಫ್ಯಾನ್ ಹಾಕಿ, ಪೋಸ್ಟ್ ಕಾರ್ಡಿನ ಅಂಚನ್ನ ಮೆಲ್ಲ ತೂರಿಸಿ ಬಿಡಿಸಿ, ನಡುವೆ ಬ್ಲಾಟಿಂಗ್ ಪೇಪರ್ ಇಡಿ, ಬಿಟ್ಟ ಹಾಳೆಯ ಫೋಟೋ ಅಲ್ಲೇ ತೆಗೀರಿ. ಜುಬಿಲಿ ಡಿಸೆಂಬರಲ್ಲಿ ಅಂದ್ರಿ, ಹಾಗಾದ್ರೆ ಈಗ್ಲೇ ಶುರು ಮಾಡಿ, ಜೂನಲ್ಲಿ ಮಳೆ ಹಿಡಿದ್ರೆ ನಮ್ಮ ಕಡೆ ಹಾಳೆ ಒಣಗೋದಿಲ್ಲ.